ಟೀಚರ್ ನೋಡದ ಲೇತ್

ನಮ್ಮ ಟೀಚರ ಬಲಗೈಯ ತೋರುಬೆರಳು ಸದಾ ಸುಣ್ಣ ಹಚ್ಚಿದಂತೆ ಬೆಳ್ಳಗಿರುತ್ತಿತ್ತು. ಬೋರ್ಡಿನಲ್ಲಿ ತಪ್ಪು ಕಂಡರೆ ಡಸ್ಟರ್ ಹುಡುಕುವ ತಾಳ್ಮೆ ಅವರಿಗಿರಲಿಲ್ಲ, ಬೆರಳಲ್ಲೇ ಒರೆಸಿಬಿಡುತ್ತಿದ್ದರು. ಜಾಲಹಳ್ಳಿಯ ಶಾಲೆಯೊಂದರಿಂದ ನಿವೃತ್ತರಾದ ಮೇಲೆ, ಬಾಗಲಗುಂಟೆಯ ತಮ್ಮ ಮನೆಯ ಮಹಡಿಯಲ್ಲಿ ಪೀಣ್ಯದ ಕಾರ್ಖಾನೆ ಕೆಲಸಗಾರರಿಗೆ ಸಂಜೆ ಇಂಗ್ಲಿಷ್ ಕಲಿಸುತ್ತಿದ್ದರು. ನಾನು ಹೈಸ್ಕೂಲಿಗೇ ಓದು ಬಿಟ್ಟ, ಕಬ್ಬಿಣ ಕಡೆಯುವ ಲೇತ್ ಮಷೀನಿನ ಆಪರೇಟರ್. ತಲೆ ನರೆತ ಮೇಲೆ ಸೂಪರ್‌ವೈಸರ್ ಆಗುವ ಆಸೆ ಹುಟ್ಟಿತು. ಅದಕ್ಕೆ ಹೊರದೇಶದ ಗಿರಾಕಿಗಳೊಂದಿಗೆ ವಿಡಿಯೋ ಕಾಲ್‌ನಲ್ಲಿ ಮಾತಾಡಬೇಕಿತ್ತು.

ನನ್ನನ್ನು ಕಾಡಿದ್ದು 'ಐ ಫಿನಿಶ್ಡ್', 'ಐ ಹ್ಯಾವ್ ಫಿನಿಶ್ಡ್'. "ಎರಡೂ ಮುಗೀತು ಅಂತಾನೇ ಅಲ್ವಾ ಮೇಡಂ?" ಎಂದೆ.

"ನಿನ್ನೆ ಊಟ ಮಾಡ್ದೆ ಅಂದ್ರೆ ಅದು ಕಥೆ ಕಣಯ್ಯಾ. ನಿನ್ನೆ ಅಂದ್ಬಿಟ್ಟೆ, ಅಲ್ಲಿಗೆ ಹ್ಯಾವ್ ಬೇಡ. ಈಗ ನಾನು ತಟ್ಟೆ ಇಟ್ರೆ ಏನಂತೀಯ?"

"ಊಟ ಆಗಿದೆ ಮೇಡಂ, ಬೇಡ."

"ಅದೇ ಹ್ಯಾವ್. ಯಾವಾಗ ತಿಂದೆ ಅಂತ ಯಾರೂ ಕೇಳಲ್ಲ. ಈಗ ಹೊಟ್ಟೆ ತುಂಬಿದೆ, ಅಷ್ಟೇ." ಹಾಗೆಂದವರೇ ಉಪ್ಪಿಟ್ಟು ತಂದಿಟ್ಟರು. "ನಿಂದು ಸುಳ್ಳು ಉದಾಹರಣೆ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ತಿನ್ನು."

ಸೂಪರ್‌ವೈಸರ್ ಆದೆ. ಇಂಗ್ಲಿಷ್ ಎಲ್ಲಿ ಕಲಿತಿರೆಂದು ಮಾಲೀಕರು ಕೇಳಿದಾಗ, "ಪೇಪರ್ ಓದಿ ನಾನೇ ಕಲ್ತೆ ಸಾರ್" ಎಂದುಬಿಟ್ಟೆ.

ಆಯುಧಪೂಜೆಗೆ ಮನೆಯವರನ್ನೆಲ್ಲ ಕಾರ್ಖಾನೆಗೆ ಕರೆದೊಯ್ಯುವುದು ನಮ್ಮಲ್ಲಿ ರೂಢಿ. "ನಿನ್ನ ಲೇತ್ ನೋಡ್ಬೇಕು, ನನ್ನೂ ಕರ್ಕೊಂಡೋಗು" ಎಂದು ಟೀಚರ್ ಕೇಳಿದ್ದರು. ಒಪ್ಪಿಯೂ ಇದ್ದೆ. ಆದರೆ ಮಾಲೀಕರೆದುರು ಸುಳ್ಳು ಬಯಲಾದೀತೆಂದು ಹೆದರಿ, ಹೆಂಡತಿ ಮೊಮ್ಮಕ್ಕಳೊಂದಿಗೆ ಟೀಚರ ಮನೆ ತಪ್ಪಿಸಿ ಹಿಂದಿನ ರಸ್ತೆಯಲ್ಲಿ ಹೋದೆ. ಟೀಚರ್ ರೇಷ್ಮೆ ಸೀರೆಯುಟ್ಟು, ಪಕ್ಕದಲ್ಲಿ ಬೂದುಗುಂಬಳಕಾಯಿ ಇಟ್ಟುಕೊಂಡು ಮಧ್ಯಾಹ್ನದವರೆಗೂ ಮೆಟ್ಟಿಲ ಮೇಲೆ ಕೂತಿದ್ದರೆಂದು ಕೆಳಗಿನ ಅಂಗಡಿಯವನು ಆಮೇಲೆ ಹೇಳಿದ.

ಮರುದಿನ ಹೋಗಿ, "ಅರ್ಜೆಂಟ್ ಜಾಬ್ ಬಂತು ಮೇಡಂ, ಮಷೀನ್ ಬಿಟ್ಟು ಬರಕ್ಕಾಗ್ಲಿಲ್ಲ" ಎಂದೆ.

"ಪೂಜೆ ದಿನ ಮಷೀನ್ ಮುಟ್ಟಲ್ಲ ಅಂತ ನೀನೇ ಹೇಳಿದ್ದೆಯಲ್ಲಪ್ಪಾ." ಅವರೇ ಎದ್ದು ತಟ್ಟೆ ತಂದರು. "ಕುಂಬಳಕಾಯಿ ಮಜ್ಜಿಗೆಹುಳಿ ಆಯ್ತು. ಉಣ್ಣು. ಬರೋ ವರ್ಷ ಹೋದ್ರಾಯ್ತು."

ಮುಂದಿನ ನವರಾತ್ರಿಗೆ ಮೊದಲೇ ಅವರು ತೀರಿಕೊಂಡರು. ಆ ವರ್ಷದ ಪೂಜೆಯಲ್ಲಿ, ಇಂಗ್ಲಿಷ್ ಕಲಿಸಿದ್ದು ನಮ್ಮ ಟೀಚರ್ ಎಂದು ಮಾಲೀಕರಿಗೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ.

"ಹೌದಾ? ಒಂದಿನ ಕರ್ಕೊಂಡ್ಬನ್ರೀ," ಎಂದರು. "ನಮ್ಮ ಹುಡುಗರಿಗೂ ಹೇಳ್ಕೊಡ್ಲಿ."