ಟಿ.ವಿ. ಗೇಮಿನ ಹಣೆಗೆ ಗಂಧ

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ತುದಿಯಲ್ಲಿ ಅಡ್ಡಕ್ಕೆ ಒಂದು ಗೆರೆ, ಬ್ಲೇಡಿನಲ್ಲಿ ಕೊಯ್ದ ಹಾಗೆ. ಹುಟ್ಟಿನಿಂದ ಬಂದದ್ದಲ್ಲ. ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವಾಗ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಬಿಗಿ ನೋಡಬೇಕು. ಚಿಕ್ಕಂದಿನಿಂದ ಅದನ್ನೇ ಮಾಡಿ ಮಾಡಿ ನೂಲು ಅವಳ ಚರ್ಮವನ್ನು ಕೊರೆದು ಹಾಕಿತ್ತು. ಆ ಬೆರಳು ನೋಡಿದವರೆಲ್ಲ 'ಪಾಪ' ಅನ್ನುತ್ತಿದ್ದರು. ಪಾಪವಂತೆ! ಅದೇ ಬೆರಳಿನಲ್ಲಿ ಅವಳು ಟಿ.ವಿ. ಗೇಮ್ ಆಡುವುದನ್ನು ನೋಡಿದ್ದರೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು.

ಇದು ಎಂಬತ್ತರ ದಶಕದ ನಡುವಿನ ಮಾತು. ಕೊಯಮತ್ತೂರಿನ ಮನೆಗಳಿಗೆ ಟಿ.ವಿ. ಬಂದ ಹೊಸತು. ನಮ್ಮದು ನೇಯ್ಗೆಯವರ ಬೀದಿ; ನಮ್ಮ ಮನೆಯೊಳಗೆ ಮಾತ್ರ ಕನ್ನಡ, ಹೊಸ್ತಿಲು ದಾಟಿದರೆ ಬೀದಿಯೆಲ್ಲ ತಮಿಳು. ಕನ್ನಡ ಅಕ್ಷರ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ, ನಾನೂ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಕಲಿತದ್ದು. ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಪವರ್‌ಲೂಮುಗಳು ಓಡುತ್ತಿದ್ದವು. ಅತ್ತೆ ಅಪ್ಪನ ತಂಗಿ. ಗಂಡ ಇನ್ನೊಂದು ಸಂಸಾರ ಮಾಡಿಕೊಂಡ. ಇವಳು ಟ್ರಂಕು ಹಿಡಿದುಕೊಂಡು ತವರಿಗೆ ಬಂದಳು. ತಪ್ಪು ಮಾಡಿದವನು ಅವನು, ಬೀದಿಯವರು 'ಗಂಡ ಬಿಟ್ಟವಳು' ಎಂದು ಹೆಸರಿಟ್ಟದ್ದು ಇವಳಿಗೆ. ಅಪ್ಪ ಅವಳಿಗೆ ಊಟ, ಬಟ್ಟೆ, ಕಂಡಿಕೆ ಸುತ್ತುವ ಕೆಲಸ ಕೊಟ್ಟರು. ಕೊಟ್ಟಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತಲೂ ಇದ್ದರು.

ಸಿಂಗಪೂರಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ರಜೆಗೆ ಬಂದಾಗ ಟಿ.ವಿ. ಗೇಮಿನ ಪೆಟ್ಟಿಗೆಯೊಂದನ್ನು ತಂದರು. ಕಪ್ಪು ಬಣ್ಣ, ನಡುವೆ ಕ್ಯಾಸೆಟ್ಟು ತುರುಕುವ ಉದ್ದ ಸೀಳು, ಆಡಿಸಲು ಎರಡು ಕೋಲು. ನಾವು ಮಕ್ಕಳು ಮುಗಿಬಿದ್ದೆವು. ಚಿಕ್ಕಪ್ಪ ನಮ್ಮ ಕೈ ತಟ್ಟಿ ಅದನ್ನು ಅತ್ತೆಯ ಮಡಿಲಲ್ಲಿಟ್ಟರು. "ಅಕ್ಕಾ, ಇದು ನಿಂಗೆ. ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ಬ್ಯಾಡ" ಅಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಮ್ಮಪ್ಪ ನೆನಪಿಟ್ಟುಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ ಮಗ್ಗ ನಿಂತ ಮೇಲೆ ನಮ್ಮ ಮುಂಗಡೆ ರೂಮಿನಲ್ಲಿ ಸಭೆ ಸೇರುತ್ತಿತ್ತು. ಬೀದಿಯ ಹುಡುಗರು, ನಾನು, ಅತ್ತೆ, ಮತ್ತೆ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ಎದುರುಮನೆಯ ಅಣ್ಣ. ಅವನು ಉಕ್ಕಡದ ಹಳೇ ಪೇಪರ್ ಅಂಗಡಿಯಿಂದ ಹೊರದೇಶದ ಗೇಮ್ ಪತ್ರಿಕೆಗಳನ್ನು ಆರಿಸಿ ತರುತ್ತಿದ್ದ. ಆಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ನಮ್ಮೂರು ನೀರೆತ್ತುವ ಪಂಪು ಮಾಡುವ ಊರು. ಗಣಪತಿ ಎಂಬ ಬಡಾವಣೆಯ ಟೀ ಅಂಗಡಿಗಳಲ್ಲಿ ಯಾವ ಕಂಪನಿ ಮೋಟರು ಗಟ್ಟಿ ಎಂದು ಗಂಡಸರು ಲುಂಗಿ ಎತ್ತಿ ಕಟ್ಟಿ ಹೊಡೆದಾಟಕ್ಕೆ ನಿಲ್ಲುತ್ತಿದ್ದರು. ನಾವೂ ಅದೇ ನೀರು ಕುಡಿದವರು. ಅಮೆರಿಕದವನು ಮೇಲೋ, ಜಪಾನಿನವನು ಮೇಲೋ? ಅಮೆರಿಕದವನು ಕೆಟ್ಟ ಆಟಗಳನ್ನು ಮಾಡಿ ಮಾಡಿ ಗೋಡೌನಿನಲ್ಲಿ ರಾಶಿ ಹಾಕಿಕೊಂಡಿದ್ದಾನಂತೆ, ನಿಜವೋ ಸುಳ್ಳೋ? ತೈವಾನಿನ ಡೂಪ್ಲಿಕೇಟ್ ಬಂದರೆ ಕೊಳ್ಳಬಹುದೋ, ಬಾರದೋ?

ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಾಲಿಟೆಕ್ನಿಕ್ ಅಣ್ಣ ತಮಿಳಿನಲ್ಲಿ ಓದಿ ಹೇಳುತ್ತಿದ್ದ, ಅವಳು ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇದ ಮಾಡ್ದವ ಆಡಿ ನೋಡವ್ನಾ?" ಯಾವ ಕಂಪನಿ ಇರಲಿ, ಯಾವ ಪೆಟ್ಟಿಗೆ ಇರಲಿ, ಅವಳ ತಕ್ಕಡಿ ಅದೊಂದೇ. ಉಪ್ಪು ಹೆಚ್ಚಾದ ಸಾರಿಗೂ ಅದೇ ಮಾತು, ಬಾಗಿಲು ಸರಿಯಾಗಿ ಮುಚ್ಚದ ಬೀರುವಿಗೂ ಅದೇ ಮಾತು.

ಒಂದು ಭಾನುವಾರ ಅಣ್ಣ ತಂದ ಪತ್ರಿಕೆಯಲ್ಲಿ ಜಪಾನಿನವನ ಹೊಸ ಪೆಟ್ಟಿಗೆಯ ಚಿತ್ರವಿತ್ತು. ಅದಕ್ಕೆ ಕೋಲಿಲ್ಲ. ಅಂಗೈ ಅಗಲದ ಹಲಗೆ, ಅದರ ಮೇಲೆ ಕೂಡಿಸುವ ಗುರುತಿನ ಹಾಗೊಂದು ಗುಂಡಿ. ಹುಡುಗರೆಲ್ಲ ನಕ್ಕರು. ಕೋಲಿಲ್ಲದೆ ಆಡುವುದೆಂದರೆ ಸ್ಟೇರಿಂಗ್ ಇಲ್ಲದೆ ಬಸ್ಸು ಓಡಿಸಿದ ಹಾಗೆ ಅಂದ ಅಣ್ಣ. ಅತ್ತೆ ಪತ್ರಿಕೆಯನ್ನು ಕಿತ್ತುಕೊಂಡು ಚಿತ್ರದ ಮೇಲೆ ತನ್ನ ಚಪ್ಪಟೆ ಹೆಬ್ಬೆರಳನ್ನಿಟ್ಟು ಆ ಕಡೆ ಈ ಕಡೆ ಒತ್ತಿ ನೋಡಿದಳು. "ನಗ್ರಿ, ನಗ್ರಿ. ಕೋಲು ಹಿಡ್ದು ಮಣಿಕಟ್ಟು ನೋಯೋದು ನಂಗೆ ಗೊತ್ತು. ಇವ್ನು ಕೈಕೆಲ್ಸದವ್ರನ್ನ ಕೇಳಿ ಮಾಡವ್ನೆ. ನಾಳೆ ಎಲ್ರೂ ಇದನ್ನೇ ಮಾಡ್ತಾರೆ, ನೋಡ್ರಿ" ಅಂದಳು.

ಅವತ್ತೇ ಅವಳು ಅಪ್ಪನನ್ನು ಕೇಳಿದ್ದು. ಮುಂಗಡೆ ರೂಮಿನಲ್ಲಿ ಟಿ.ವಿ. ಗೇಮ್ ಅಂಗಡಿ ಇಡುತ್ತೇನೆ, ಬೀದಿ ಹುಡುಗರು ಕಾಸು ಕೊಟ್ಟು ಆಡಲಿ, ಮುಂದೆ ಜಪಾನಿನವನ ಪೆಟ್ಟಿಗೆಯನ್ನೂ ತರಿಸುತ್ತೇನೆ, ನನ್ನ ಅನ್ನ ನಾನು ನೋಡಿಕೊಳ್ಳುತ್ತೇನೆ ಎಂದು. ಅಪ್ಪ ಮೂಗು ಮುರಿದರು. ಆದರೆ ಚಿಕ್ಕಪ್ಪ ಸಿಂಗಪೂರಿನಿಂದ ಒತ್ತಾಯ ಮಾಡಿದ ಮೇಲೆ ಒಪ್ಪಿದರು. ವಿಜಯದಶಮಿಯ ಬೆಳಿಗ್ಗೆ ಅಂಗಡಿ ಶುರುವೆಂದು ತೀರ್ಮಾನವಾಯಿತು. ಅತ್ತೆ ಹಳೇ ಸೀರೆ ಕತ್ತರಿಸಿ ಪರದೆ ಹೊಲಿದಳು. ಕನ್ನಡಿ ಮುಂದೆ ನಿಂತು ಗಿರಾಕಿಗಳನ್ನು ಗದರಿಸುವುದನ್ನು ಅಭ್ಯಾಸ ಮಾಡಿದಳು. ಅವಳು ಅಷ್ಟು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ನಮ್ಮವರಿಗೆ ಅದೇ ದೊಡ್ಡ ಹಬ್ಬ. ಶೆಡ್ಡು ತೊಳೆದು, ಮಗ್ಗಗಳಿಗೆಲ್ಲ ಹೂವು ಕಟ್ಟಿ, ಲಾಳಿ, ಕತ್ತರಿ, ಸ್ಪ್ಯಾನರು ಎಲ್ಲ ಜೋಡಿಸಿ ಪೂಜೆ. ಪೂಜೆಯಾದ ಮೇಲೆ ಮರುದಿನ ಬೆಳಗಿನವರೆಗೆ ಯಾವ ಯಂತ್ರವನ್ನೂ ಓಡಿಸಬಾರದು, ಅವಕ್ಕೂ ವಿಶ್ರಾಂತಿ. ಇನ್ನೊಂದು ಪದ್ಧತಿ: ಪ್ರತಿ ಯಂತ್ರಕ್ಕೂ ಒಂದು ಹಣೆಯಿದೆ ಎಂದು ಲೆಕ್ಕ. ಮಗ್ಗಕ್ಕೆ ಮುಂದಿನ ಮರ, ಮೋಟರಿಗೆ ನೆತ್ತಿ. ಮನೆಯ ಯಜಮಾನ ಆ ಹಣೆ ಹುಡುಕಿ ಗಂಧ ಬಳಿದು ಕುಂಕುಮ ಇಡಬೇಕು, ಅರಿಶಿನದ ನೀರು ಚಿಮುಕಿಸಬೇಕು. ದುಡಿಯುವ ಸಾಮಾನು ಪೂಜೆಯಲ್ಲಿ ಇರಲೇಬೇಕು ಎಂದು ಅತ್ತೆ ತಾನೇ ಟಿ.ವಿ. ಗೇಮನ್ನು ತಂದು ಲಾಳಿಗಳ ಪಕ್ಕದಲ್ಲಿಟ್ಟಳು. ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, "ಅಣ್ಣಾ, ಇದಕ್ಕೆ ತಣ್ಣಿ ಆಗ್ಬಾರ್ದು, ನೀರು ಬಿದ್ರೆ ಕೆಟ್ಟೋಗ್ತದೆ. ಹಾಳೆ ಮೇಲೆ ಒಣ ಕುಂಕುಮ ಇಡು, ಸಾಕು" ಎಂದು ಹೇಳಿ ಕಡಲೆ ಒಗ್ಗರಣೆ ಹಾಕಲು ಒಳಗೆ ಹೋದಳು.

ನಾನು ಆರತಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಅಪ್ಪ ಮಗ್ಗಗಳನ್ನು ಮುಗಿಸಿಕೊಂಡು ಬಂದರು. ಹಾಳೆಯನ್ನು ನೋಡಿ ಮುಖ ಗಂಟಿಕ್ಕಿದರು. "ಸಾಮಿ ಗಂಧಕ್ಕೆ ಕೊಡೆ ಹಿಡೀತಾಳಾ ಇವ್ಳು?" ಎಂದು ಅದನ್ನು ಕಿತ್ತೆಸೆದರು. ಪೆಟ್ಟಿಗೆಯ ಹಣೆ ಎಲ್ಲಿ ಎಂದು ತಿರುಗಿಸಿ ತಿರುಗಿಸಿ ನೋಡಿದರು. ನಟ್ಟನಡುವೆ ಸೀಳು ಕಂಡಿತು. ಅದೇ ಹಣೆ! ನಾಲ್ಕು ಬೆರಳಲ್ಲಿ ಹಸಿ ಗಂಧವನ್ನು ಬಳಿದು ಸೀಳಿನೊಳಕ್ಕೆ ಒತ್ತಿದರು. ಮೇಲೆ ಅರಿಶಿನದ ನೀರನ್ನು, ಚಿಮುಕಿಸಲಿಲ್ಲ, ಸುರಿದರು. "ಅಪ್ಪಾ, ಅತ್ತೆ ಬ್ಯಾಡ ಅಂದ್ರು" ಅಂದೆ. "ಬಾಯ್ ಮುಚ್ಚು" ಅಂದರು. ಆಮೇಲೆ ತಾವೇ ಒರೆಸಿ, ಹಾಳೆಯನ್ನು ಮತ್ತೆ ಹೊದಿಸಿ, ಅದರ ಮೇಲೆ ಕುಂಕುಮ ಇಟ್ಟರು. ಯಾಕೆ ಹೊದಿಸಿದರು? ತಪ್ಪೆಂದು ಗೊತ್ತಿಲ್ಲದವರು ಹೊದಿಸುತ್ತಾರೆಯೇ? ನಾನು ಅಡುಗೆಮನೆಗೆ ಓಡಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಬಾಯಿಗೆ ಕಡಲೆ ತುರುಕಿ, "ಹಬ್ಬದ ದಿನ ಜಗಳ ತರ್ಬ್ಯಾಡ, ನನ್ ಕಣ್ಣು" ಎಂದು ತೋಳು ಹಿಡಿದು ಎದುರಿನ ಮನೆಗಳಿಗೆ ಪ್ರಸಾದ ಹಂಚಲು ಅಟ್ಟಿದಳು. ತಿರುಗಿ ಬಂದಾಗಲೂ ಪಕ್ಕ ಬಿಡಲಿಲ್ಲ, ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡಳು, ಬೆಳಿಗ್ಗೆಯೂ ಕೈ ಬಿಡಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಬೀದಿಯೆಲ್ಲ ನಮ್ಮ ಬಾಗಿಲಲ್ಲಿತ್ತು. ಅತ್ತೆ ಹೊಸ ಸೀರೆಯುಟ್ಟು ಕರ್ಪೂರ ಹಚ್ಚಿ ಸ್ವಿಚ್ ಹಾಕಿದಳು. ಟಿ.ವಿ.ಯಲ್ಲಿ ಅಡ್ಡಗೆರೆಗಳು ಓಡಿದವು, ಪೆಟ್ಟಿಗೆಯಿಂದ ಹೊಗೆ ಬಂತು, ರಬ್ಬರು ಸುಟ್ಟ ನಾತ. ಅಷ್ಟೆ. ಜನ ಬಾಯಿ ಬಿಟ್ಟು ನೋಡುತ್ತಿದ್ದಾಗ ಅಪ್ಪ ಮುಂದೆ ಬಂದು ಬೀದಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಹೇಳಿದರು: ರಾತ್ರಿ ಎಲ್ಲರೂ ಮಲಗಿದ ಮೇಲೆ ಇವಳು ಕದ್ದು ಆಡಿದ್ದಾಳೆ, ಪೂಜೆಯಾದ ಯಂತ್ರವನ್ನು ಮುಟ್ಟಿದ್ದಾಳೆ, ಇದು ಸಾಮಿ ಕುತ್ತ, ದೈವಕ್ಕೆ ಮಾಡಿದ ಅಪರಾಧ ಎಂದು. ಅತ್ತೆ ಆ ರಾತ್ರಿಯಿಡೀ ನಮ್ಮ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದಿದ್ದಳು! "ಸುಳ್ಳು! ಅಪ್ಪನೇ ನೀರು ಸುರಿದದ್ದು!" ಎಂದು ನಾನು ಕನ್ನಡದಲ್ಲಿ ಕಿರುಚಿದೆ. ಅಮ್ಮ ನನ್ನನ್ನು ಒಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದಳು. ಅತ್ತೆಗೆ ಕೇಳಿಸಿತು. ತಮಿಳಿನ ಬೀದಿಗೆ ಅರ್ಥವಾಗಲಿಲ್ಲ.

ಪಾಲಿಟೆಕ್ನಿಕ್ ಅಣ್ಣ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆ ಬಿಚ್ಚಿದ. ಒಳಗೆಲ್ಲ ಗಂಧ ಮೆತ್ತಿಕೊಂಡಿತ್ತು, ಕುರುಡನಿಗೂ ಕಾಣುವಷ್ಟು. ಅಪ್ಪನ ಮುಖ ನೋಡಿದ, ಮುಚ್ಚಿ ಸ್ಕ್ರೂ ಬಿಗಿದ. "ದೊಡ್ಡವರ ವಿಷಯ" ಎಂದು ಎದ್ದು ಹೋದ. ಥೂ ಅವನ ಓದಿಗೆ! ಮುಂದೆ ಅವನೇ ಬಸ್‌ಸ್ಟ್ಯಾಂಡ್ ಹತ್ತಿರ ಗೇಮ್ ಅಂಗಡಿ ಇಟ್ಟ. ಜಪಾನಿನವನೇ ಗೆಲ್ಲುತ್ತಾನೆಂದು ಎಲ್ಲರಿಗಿಂತ ಮೊದಲು ಹೇಳಿದ್ದು ನಾನೇ ಎಂದು ಗಿರಾಕಿಗಳ ಮುಂದೆ ಎದೆಯುಬ್ಬಿಸುತ್ತಿದ್ದನಂತೆ.

ಅವತ್ತು ಮಧ್ಯಾಹ್ನ ಅತ್ತೆ ಅಪ್ಪನ ಮುಂದೆ ನಿಂತಳು. ಅಳಲಿಲ್ಲ. "ಅಣ್ಣಾ, ಮಿಷನ್ ಹೋದ್ರೆ ಹೋಗ್ಲಿ. ನೀನು ಗೊತ್ತಿಲ್ದೆ ಮಾಡ್ದೆ ಅಂತ್ಲೇ ಇಟ್ಕೋತೀನಿ. ಆದ್ರೆ ಬೀದಿಗೆ ಹೇಳಿದ್ದನ್ನ ಬೀದಿಗೇ ಹೇಳಿ ತಿದ್ದು. 'ನಾನು ಸುರ್ದೆ' ಅನ್ನು. ಒಂದು ಮಾತು."

"ಸಾಮಿಗೆ ಮಾಡಿದ್ದನ್ನ ತಪ್ಪು ಅಂತ ಹೇಳಕ್ಕೆ ಆಗುತ್ತಾ? ನಾಲ್ಕು ಜನರ ಮುಂದೆ ನನ್ ಮರ್ಯಾದೆ ಏನಾಗ್ಬೇಕು?"

"ನಂದು?"

ಅಪ್ಪ ಪೇಪರು ತೆಗೆದುಕೊಂಡು ಓದಲು ಕೂತರು. ಆ ತಿಂಗಳು ಯಾವುದೋ ಮಗ್ಗದ ಗಾಲಿ ಮುರಿಯಿತು, ಪಕ್ಕದ ಮನೆಯ ಕರು ಸತ್ತಿತು; ಬೀದಿಯ ಹೆಂಗಸರು ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟಿದರು. ಅವಳು ಬಂದರೆ ನಲ್ಲಿಯಿಂದ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅತ್ತೆ ಮತ್ತೆ ಟ್ರಂಕು ಹಿಡಿದಳು. "ಅಣ್ಣ ಆ ಮಾತು ಹೇಳ್ದ ದಿನ ಬರ್ತೀನಿ, ಕಣ್ಣು. ಅಲ್ಲೀವರ್ಗೂ ಈ ಹೊಸ್ತಿಲು ಮೆಟ್ಟಲ್ಲ" ಎಂದು ನನ್ನ ಕೆನ್ನೆ ಹಿಂಡಿ ತಿರುಪ್ಪೂರಿಗೆ ಹೋದಳು. ಅಲ್ಲಿ ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸ, ಬಾಡಿಗೆಗೆ ಒಂದು ರೂಮು.

ನಾನು ಸ್ವಲ್ಪ ದೊಡ್ಡವಳಾದ ಮೇಲೆ ಮನೆಯಲ್ಲಿ ಸುಳ್ಳು ಹೇಳಿ ಬಸ್ಸಿನಲ್ಲಿ ಅವಳನ್ನು ನೋಡಲು ಹೋಗುತ್ತಿದ್ದೆ. ಬಾಗಿಲು ತೆರೆದ ಕೂಡಲೆ ಮೊದಲ ಪ್ರಶ್ನೆ, "ಜಪಾನವನ ಸುದ್ದಿ ಏನು?" ಅದಾದ ಮೇಲೆ ಎರಡನೆಯದು, "ನಿಮ್ಮಪ್ಪ ಏನಾದ್ರೂ ಹೇಳಿದ್ನಾ?" ತಿರುಪ್ಪೂರಿನಲ್ಲೂ ಒಂದು ಗೇಮ್ ಅಂಗಡಿ ಬಂದಿತ್ತು. ಹೆಂಗಸಿಗೆ ಆಡಲು ಕೊಡುವುದಿಲ್ಲ ಎಂದು ಅಂಗಡಿಯವನು ಅಡ್ಡ ನಿಂತನಂತೆ. ಇವಳು ಬಿಡುವವಳೇ? ಭಾನುವಾರ ಬಾಗಿಲಲ್ಲಿ ನಿಂತು, ಆಡುವ ಹುಡುಗರಿಗೆ "ಹಾರೋ ಮುಟ್ಟಾಳ, ಬಲಕ್ಕೆ ಹಾರು!" ಎಂದು ಕೂಗುತ್ತಿದ್ದಳಂತೆ, ಕೊನೆಗೆ ಆ ಹುಡುಗರೇ ಕರೆದು ಕೂರಿಸಿದರು. ಜಪಾನಿನವನ ಆ ಹಲಗೆಯನ್ನು ನಿಜವಾಗಿ ಕೈಯಲ್ಲಿ ಹಿಡಿದ ದಿನದ ಬಗ್ಗೆ ಕೇಳಿದೆ. "ನಾನ್ ಹೇಳ್ದಂಗೇ ಇತ್ತು" ಅಂದಳು. ಅಷ್ಟು ಹೇಳಿ, ಅವಳು ಹೇಳಿದ್ದು ನಿಜವೆಂದು ಒಪ್ಪಲು ನನ್ನ ಬಿಟ್ಟು ಯಾರೂ ಇಲ್ಲದ ಆ ರೂಮಿನಲ್ಲಿ ನನಗೆ ಕಾಫಿ ಕಾಸಲು ಎದ್ದಳು. ನನಗೆ ಮೈಯೆಲ್ಲ ಉರಿಯಿತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಕಾಮಾಲೆ ಬಂತು. ಕಂಪನಿಯವರು ಹೇಳಿ ಕಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ವ್ಯಾನಿನಲ್ಲಿ ಮನೆಗೆ ತಂದರು. ಮೆಟ್ಟುವುದಿಲ್ಲ ಎಂದವಳನ್ನು ಎತ್ತಿಕೊಂಡೇ ಹೊಸ್ತಿಲು ದಾಟಿಸಲು ಹೋದರು. ನಾನು ಅಡ್ಡ ನಿಂತು ಜಗಲಿಯಲ್ಲೇ ಮಲಗಿಸಲು ಹೇಳಿದೆ. ಯಾಕೆಂದು ಯಾರೂ ಕೇಳಲಿಲ್ಲ, ಕೇಳುವ ಧೈರ್ಯ ಬರದ ಹಾಗಿತ್ತು ನನ್ನ ಮುಖ.

ಬೀದಿಯೆಲ್ಲ ಬಂದು ಕೂತಿತ್ತು. ಅಪ್ಪ ಅವರ ನಡುವೆ ಕುರ್ಚಿ ಹಾಕಿಕೊಂಡು ಮೂಗು ಸೀಟುತ್ತ ತಮಿಳಿನಲ್ಲಿ ಶುರು ಮಾಡಿದರು. ತಂಗಿಗೆ ಟಿ.ವಿ. ಗೇಮ್ ಎಂದರೆ ಪ್ರಾಣ, ನಾನೇ ಸಿಂಗಪೂರಿನಿಂದ ತರಿಸಿಕೊಟ್ಟೆ, ಏನು ಮಾಡುವುದು, ಪೂಜೆಯ ದಿನ ಮುಟ್ಟಿಬಿಟ್ಟಳು, ಆ ಕುತ್ತವೇ ಅವಳನ್ನು ಬಿಡಲಿಲ್ಲ. ಸತ್ತವಳ ಮುಂದೆ! ಅವಳ ಸಾವನ್ನೂ ಅವಳ ತಪ್ಪಿನ ಖಾತೆಗೇ ಬರೆದರು!

ಈ ಸಲ ನಾನು ಕನ್ನಡದಲ್ಲಿ ಕಿರುಚಲಿಲ್ಲ. ಎದ್ದು ನಿಂತು, ಬೀದಿಯ ಮಾತಿನಲ್ಲೇ, ಬೀದಿಯ ಕೊನೆಗೂ ಕೇಳುವಂತೆ ಹೇಳಿದೆ. ಹಾಳೆ ಕಿತ್ತದ್ದು, ಗಂಧ ಒತ್ತಿದ್ದು, ನೀರು ಸುರಿದದ್ದು, ಮತ್ತೆ ಹಾಳೆ ಹೊದಿಸಿದ್ದು. "ನೀಂಗದಾನ್ ಊತ್ತುನೀಂಗ, ಅಪ್ಪಾ." ನೀವೇ ಸುರಿದದ್ದು.

ಅಪ್ಪ ದನಿ ತಗ್ಗಿಸಿ, ಕನ್ನಡದಲ್ಲಿ, "ಒಳಗ್ ಹೋಗು" ಅಂದರು. ನಾನು ಅಲುಗಲಿಲ್ಲ. ಅತ್ತೆಯ ತಲೆಯ ಬಳಿ ಕೂತಿದ್ದ ಮೂಲೆಮನೆಯ ಅಜ್ಜಿ, ನಲ್ಲಿಯಿಂದ ಕೊಡ ಎತ್ತಿಕೊಂಡು ಹೋಗುತ್ತಿದ್ದವಳೇ, ಅಪ್ಪನ ಕಡೆ ತಿರುಗಿ ಕೇಳಿದಳು: "ನೆಜಮಾ?" ನಿಜವಾ?

ಅಪ್ಪ ತಂಗಿಯ ಮುಖ ನೋಡಿದರು. ಆಮೇಲೆ ನೆಲ ನೋಡುತ್ತ ತಮಿಳಿನಲ್ಲಿ, ಹತ್ತಿರವಿದ್ದವರಿಗೆ ಕೇಳುವಷ್ಟು ಹೇಳಿದರು: "ಸಾಮಿಗಂತ ತಾನೇ ನಾನು ಸುರಿದದ್ದು."

ಇಷ್ಟೇ. ಈ ಒಂದು ಮಾತು. ಬದುಕಿದ್ದಾಗ ಹೇಳಿದ್ದರೆ ಅವಳು ಅವತ್ತೇ ಬಸ್ಸು ಹತ್ತಿ ಮನೆಗೆ ಬಂದುಬಿಡುತ್ತಿದ್ದಳು.