ಭಾವ ಬಿಟ್ಟುಹೋದ ದಿಕ್ಸೂಚಿ

ಮೊನ್ನೆ ಕಪಾಟು ಒರೆಸುವಾಗ ಹಿತ್ತಾಳೆಯ ಕಿಲುಬಿನ ವಾಸನೆ ಬಂತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ದಿಕ್ಸೂಚಿ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅಕ್ಕನದು… ಅಲ್ಲ, ಭಾವನದು. ಯಾರದೆನ್ನಬೇಕೋ ಇಂದಿಗೂ ತಿಳಿಯದು.

ಭಾವ ಸರಕು ಸಾಗಿಸುವ ಹಾಯಿದೋಣಿ, ಮಚವೆ, ನಡೆಸುತ್ತಿದ್ದರು. ಮೂವತ್ತರ ದಶಕದಲ್ಲಿ ಒಮ್ಮೆ ಹೆಂಚು ತುಂಬಿಕೊಂಡು ಗೋವೆಗೆ ಹೊರಟ ಆ ಮಚವೆ ಮರಳಿ ಬರಲಿಲ್ಲ. ಅಕ್ಕ ಬಿಣಗಾದ ಗಂಡನ ಮನೆ ಬಿಟ್ಟು ಅಂಕೋಲೆಗೆ, ನಮ್ಮಲ್ಲಿಗೆ ಬಂದಳು. ಕೆಲವು ತಿಂಗಳ ಮೇಲೆ ಇದನ್ನು ನನ್ನ ಕೈಗಿತ್ತು, "ಕಾರವಾರದಲ್ಲಿ ಯಾರಿಗಾರೂ ತೋರ್ಸು ತಮಾ. ಎಷ್ಟು ಬೆಲೆ, ಸರಿ ಇದ್ಯೋ ಹಾಳಾಗದ್ಯೋ, ಕೇಳ್ಕಂಡು ಬಾ" ಎಂದಳು. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನನ್ನ ಕಿವಿಗೆ ಬೆಲೆಯ ಮಾತೊಂದೇ ಬಿತ್ತು.

ಪೇಟೆಯ ಗಡಿಯಾರ ರಿಪೇರಿಯವರಿಗೆ ಕೊಟ್ಟು, ಇದರ ಚಾವಿ ಎಲ್ಲಿ ಎಂದು ಕೇಳಿದೆ.

"ಅರೇ ಬಾಬಾ, ಒಂದೇ ಮುಳ್ಳಿಂದು ಗಡಿಯಾರ ಆಗ್ತದನಾ? ದಿಕ್ಕು ತೋರ್ಸೂದು ಇದು. ಇಷ್ಟು ದಿವ್ಸ ಚಾವಿ ಕೊಡ್ತಾ ಕೂತಿದ್ದಿಯೋ ಏನು?"

ಮುಚ್ಚಳದ ಒಳಗಿನ ಗುರುತನ್ನು ಸುಣ್ಣದ ಪುಡಿಯಿಂದ ಉಜ್ಜಿ, ಮುಚ್ಚಳ ಬೆಳ್ಳಿಯದು, ವಿಲಾಯತಿ ಮಾಲು, ನಿನ್ನ ಅಜ್ಜನಿಗಿಂತ ಹಳೆಯದು ಎಂದರು. ಮೇಜಿನ ಮೇಲಿಟ್ಟರೆ ಮುಳ್ಳು ಗೋಡೆಯತ್ತ ವಾಲಿತು. ಹಾಳಾಗಿದೆ ಎಂದು ತಲೆಯಾಡಿಸಿದವರು, ಪಕ್ಕದಲ್ಲಿದ್ದ ಕತ್ತರಿ ಕಂಡು ನಕ್ಕರು. ಎದ್ದು ಬಾಗಿಲಿಗೆ ಬಂದು ಹಿಡಿದರು. ಮುಳ್ಳು ನಡುಗುತ್ತ ಸದಾಶಿವಗಡದ ಕಡೆಗೆ, ಉತ್ತರಕ್ಕೆ, ನಿಂತಿತು.

"ಚೊಕ್ಕ ಅದೆ. ಆದ್ರೆ ಕಬ್ಬಿಣ ಹತ್ರ ಇದ್ರೆ ಸುಳ್ಳು ಹೇಳ್ತದೆ. ಇಪ್ಪತ್ತು ರೂಪಾಯಿಗೆ ಕಮ್ಮಿ ಕೊಡಬ್ಯಾಡ."

ಅಕ್ಕನಿಗೆ ಖುಷಿಯಾಗಲೆಂದು ಅಂಗಳದಿಂದಲೇ ಕೂಗಿದೆ. "ಇಪ್ಪತ್ತು ರೂಪಾಯಿ ಅಕ್ಕಾ! ಕೂದ್ಲಷ್ಟೂ ತಪ್ಪಿಲ್ವಂತೆ!"

"ಸರೀನೇ ಇತ್ತಾ ಹಂಗಾರೆ…" ಎಂದಷ್ಟೇ ಹೇಳಿ ಒಳಗೆ ಹೋದಳು. ಮಾರಲಿಲ್ಲ. ಮತ್ತೆ ಮುಟ್ಟಲೂ ಇಲ್ಲ. ನಾನೇನು ತಪ್ಪಾಡಿದೆನೋ ತಿಳಿಯಲಿಲ್ಲ.

ಬಹಳ ವರ್ಷಗಳ ಮೇಲೆ ಭತ್ತ ಒಣಗಿಸುತ್ತ ಕೂತಾಗ ತಾನಾಗಿ ಹೇಳಿದಳು. ಗೋವೆಗೆ ಹೊರಟ ಆ ಬೆಳಿಗ್ಗೆ ಭಾವ ಮನೆಯಿಂದ ಹೋದ ಮೇಲೆ ಚಾಪೆ ಸುತ್ತುವಾಗ ದಿಕ್ಸೂಚಿ ಸಿಕ್ಕಿತ್ತಂತೆ. ಮಚವೆ ಇನ್ನೂ ದಂಡೆಯಲ್ಲೇ ಇತ್ತು. ಮುಳ್ಳು ಸುಳ್ಳು ದಿಕ್ಕು ತೋರಿಸುತ್ತದೆ ಎಂದು ಭಾವನೇ ಹಿಂದೊಮ್ಮೆ ಗೊಣಗಿದ್ದರು. ಹಾಗಾಗಿ ಇವಳು ಓಡಿಹೋಗಿ ಕೊಡಲಿಲ್ಲ.

"ನೀ ಹೇಳೂವರೆಗೂ ಹಾಳಾದದ್ದೇ ಅಂದ್ಕಂಡಿದ್ದೆ ತಮಾ."

ಆಗಲಾದರೂ ಕತ್ತರಿಯ ಸಂಗತಿ ಹೇಳಬಹುದಿತ್ತು. ಮಚವೆಯಲ್ಲಿ ಕಬ್ಬಿಣದ ಲಂಗರು, ಸರಪಳಿ… ಅಲ್ಲಿ ಅದು ಸುಳ್ಳನ್ನೇ ಹೇಳಿದ್ದೀತು. ಹೇಳದೆಯೂ ಇದ್ದೀತು. ಹೇಳಿದರೆ ಅವಳಿಗೆ ಸಮಾಧಾನವೋ, ಇನ್ನಷ್ಟು ಸಂಕಟವೋ? ನಿಜವೆಂದರೆ, ಅಂದು ಅರ್ಧ ಮಾತನ್ನಷ್ಟೇ ತಂದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಭತ್ತ ಕೆದರುತ್ತಲೇ ಇದ್ದೆ.

ಅಕ್ಕ ಈಗಿಲ್ಲ. ಮೊನ್ನೆ ದಿಕ್ಸೂಚಿಯನ್ನು ಜಗಲಿಯ ಮೇಲಿಟ್ಟು ಅಡಕತ್ತರಿಯನ್ನು ಹತ್ತಿರ ತಂದೆ. ಮುಳ್ಳು ವಾಲಿತು. ದೂರ ಸರಿಸಿದೆ. ತಿರುಗಿ ಉತ್ತರಕ್ಕೆ ನಿಂತಿತು. ಮತ್ತೆ ತಂದೆ… ಯಾರೂ ಇಲ್ಲದ ಜಗಲಿಯಲ್ಲಿ, "ಇಲ್ಲಿ ನೋಡು ಅಕ್ಕಾ" ಎಂದೆ.