ತೊಟ್ಟಿಲ ಹಾಡಿಗೆ ಹೆಸರು ಕೂಡಿಸುವ ಚಂದಮ್ಮ

ಪುಣೆ ಹತ್ತಿರದ ದೇಹೂ ರೋಡಿನ ರೈಲು ಹಳಿಯಾಚೆಯ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲು ಸುದ್ದಿ ಮುಟ್ಟುವುದು ಚಂದಮ್ಮನಿಗೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಫೋನು ಹಚ್ಚುತ್ತಾರೆ. "ಆಯಿ, ಹೆಣ್ಣು ಕೂಸು ರೀ. ಮುಂದಿನ ರವಿವಾರದ ಮರು ರವಿವಾರ ಖಾಲಿ ಇಟ್ಕೋರಿ." ಕೂಸು ಯಾರನ್ನು ಹೋಲುತ್ತದೆ, ತೂಕ ಎಷ್ಟು ಎಂದೆಲ್ಲ ಚಂದಮ್ಮ ಕೇಳುವುದಿಲ್ಲ. ಆಕೆಯ ಪ್ರಶ್ನೆ ಒಂದೇ: "ತೊಟ್ಟಿಲಿಗೆ ಯಾರ್ಯಾರು ಬರ್ತಾರ? ಯಾವ್ಯಾವ ಊರವರು?"

ಕೇಳದೆ ಗತಿಯಿಲ್ಲ, ಆಕೆಯ ಹಾಡು ನಿಂತಿರುವುದೇ ಅದರ ಮೇಲೆ. ತೊಟ್ಟಿಲ ಹಗ್ಗಕ್ಕೆ ಕೈ ಹಚ್ಚಿದ ಪ್ರತಿ ಹೆಂಗಸಿಗೂ ಒಂದು ನುಡಿ ಸಲ್ಲಬೇಕು. ಆ ನುಡಿಯಲ್ಲಿ ಮೊದಲು ಊರು, ಆಮೇಲೆ ಹೆಸರು. "ಬಂಗಾರದ ಕೂಸಿನ್ನ ಯಾರು ತೂಗ್ಯಾರ? ಹಾಲಗೇರಿಯ ಭೀಮವ್ವ ತೂಗ್ಯಾಳ" ಎಂದು ಚಂದಮ್ಮ ಎತ್ತುತ್ತಾಳೆ. ಹೆಸರು ಬಂದವಳು ಹಗ್ಗ ಜಗ್ಗಿ ತಾನೇ ಮೊದಲು "ಜೋ ಜೋ" ಅನ್ನಬೇಕು, ಮಿಕ್ಕವರು ಹಿಡಿಯಬೇಕು. ಇಪ್ಪತ್ತು ಜನ ಬಂದರೆ ಇಪ್ಪತ್ತು ನುಡಿ, ನಲವತ್ತು ಬಂದರೆ ನಲವತ್ತು. ಒಬ್ಬಳ ಹೆಸರು ಬಿಟ್ಟಿರೋ, ಮುಗಿಯಿತು ಕಥೆ! ಉಡಿಯಲ್ಲಿ ಹಾಕಿದ ಗುಗ್ಗರಿಯನ್ನು ಅಲ್ಲೇ ಸುರಿದು, ಸೆರಗು ಝಾಡಿಸಿ ಎದ್ದುಹೋದವರನ್ನು ಈ ಓಣಿ ಕಂಡಿದೆ.

ಈ ಹಾಡಿಗೆ ಇನ್ನೊಂದು ಕಟ್ಟಳೆಯೂ ಉಂಟು. ಹಾಡುವವಳು ತನ್ನ ಹೆಸರನ್ನು ತಾನು ಹಾಡಿಕೊಳ್ಳುವಂತಿಲ್ಲ. ಮುಂದೆ ಹಾಡನ್ನು ಕೈಗೆ ತಗೊಂಡವಳು ಅದನ್ನು ಹಾಡಬೇಕು. ಇಪ್ಪತ್ತೊಂದನೆಯ ವಯಸ್ಸಿಗೆ ಚಂದಮ್ಮ ಕಂಕುಳಲ್ಲಿ ಧರ್ಮರಾಜನನ್ನು ಇಟ್ಟುಕೊಂಡು ಗಂಡ, ಅತ್ತೆಯ ಜೊತೆ ಕಲಬುರಗಿ ಕಡೆಯ ಹಾಲಗೇರಿಯಿಂದ ಪುಣೆಗೆ ಬಂದವಳು. ಸ್ವಾರಗೇಟಿನ ಹತ್ತಿರ ಕಟ್ಟಡದ ಕೆಲಸ, ತಗಡಿನ ಶೆಡ್ಡು. ಅಲ್ಲಿ ಹುಟ್ಟಿದ ಕೂಸುಗಳಿಗೆ ಸೀರೆಯ ಜೋಳಿಗೆಯೇ ತೊಟ್ಟಿಲು. ಅತ್ತೆ ರಂಗೂಬಾಯಿ ಒಂದು ದಿನ ಕೆಮ್ಮುತ್ತ ಕೂತು, "ನನ್ನ ದನಿ ಹೋತು, ನೀ ಎತ್ತು" ಎಂದಳು. ಚಂದಮ್ಮ ಎತ್ತಿದ ಮೊದಲ ನುಡಿಯಲ್ಲೇ ಅತ್ತೆಯ ಹೆಸರು ಹಾಡಿದಳು. ಸೊಸೆಗೆ ಒಂದು ಒಳ್ಳೆಯ ಮಾತು ಆಡದ ಆ ಮುದುಕಿ ಅವತ್ತು ಹಗ್ಗ ಜಗ್ಗಿ, ಕಣ್ಣೀರು ಸುರಿಸುತ್ತ, ಬಿದ್ದು ಬಿದ್ದು ನಕ್ಕಳು. ಆ ನಗೆಯನ್ನು ಚಂದಮ್ಮ ಮರೆತಿಲ್ಲ.

ಈಗ ಆಕೆಗೆ ಅರವತ್ತೇಳು. ಸಾವಿರಾರು ಹೆಸರು ಹಾಡಿದ್ದಾಳೆ. ಅವತ್ತಿನಿಂದ ತನ್ನ ಹೆಸರನ್ನು ಒಮ್ಮೆಯೂ ಕೇಳಿಲ್ಲ. ಕೇಳಬೇಕೆಂಬ ಆಸೆ ಇದೆಯೇ? ಇದೆ, ಬೆಟ್ಟದಷ್ಟಿದೆ. ಆದರೆ ಬಾಯಿ ಬಿಟ್ಟು ಹೇಳುವ ಪೈಕಿ ಅಲ್ಲ ಆಕೆ. ಬೇಡಿ ಹಾಡಿಸಿಕೊಂಡರೆ ಅದಕ್ಕೇನು ಬೆಲೆ?

ಹಾಗಂತ ಮನೆಯಲ್ಲಿ ಹಾಡು-ಬಾರಿಸುವಿಕೆಗೆ ಬರವಿದೆ ಎಂದುಕೊಳ್ಳಬೇಡಿ. ಸಂಜೆ ಆ ಎರಡು ಕೋಣೆಯ ಮನೆಗೆ ಹೋದರೆ ಕಿವಿ ಗಡಚಿಕ್ಕುತ್ತದೆ. ಮಗ ಧರ್ಮರಾಜ ಹಗಲೆಲ್ಲ ಗೋಡೆಗೆ ಗಿಲಾವು ಮಾಡುವ ಮೇಸ್ತ್ರಿ. ಸಂಜೆಯಾಯಿತೋ, ಬೆಂಜೋ ತೊಡೆಯ ಮೇಲೆ. ಒಂದು ಕೈಯಲ್ಲಿ ಟೈಪ್‌ರೈಟರಿನಂಥ ಗುಂಡಿ ಒತ್ತುತ್ತ, ಇನ್ನೊಂದು ಕೈಯಲ್ಲಿ ತಂತಿ ಮೀಟುವ ಆ ವಾದ್ಯವಿಲ್ಲದೆ ಆ ಕಡೆ ಗಣಪತಿ ಮುಳುಗುವುದೂ ಇಲ್ಲ, ಮದುವೆಯ ದಿಬ್ಬಣ ಹೊರಡುವುದೂ ಇಲ್ಲ. ಧರ್ಮರಾಜ ತನ್ನ ಬೆಂಜೋ ಪಾರ್ಟಿಯ ಟೆಂಪೋ ಮೇಲೆ ಕೂತು ಬಾರಿಸಿದರೆ ಪೊಲೀಸರೂ ಕಾಲು ಕುಣಿಸುತ್ತಾರೆ. ಒಂದು ವರ್ಷ ಮೆರವಣಿಗೆಯಲ್ಲಿ ಅವನು ಅವ್ವನ ಜೋಗುಳದ ಧಾಟಿಯನ್ನೇ ಬೆಂಜೋದ ಮೇಲೆ ಓಡಿಸಿಬಿಟ್ಟ. ಇಡೀ ಓಣಿ ಕುಣಿಯಿತು. ಚಂದಮ್ಮ ಮೂರು ದಿನ ಮಗನ ಜೊತೆ ಮಾತು ಬಿಟ್ಟಳು. "ಕೂಸು ಮಲಗಸೋ ಹಾಡಿಗಿ ಊರೆಲ್ಲ ಎದ್ದು ಕುಣಿತಲ್ಲೋ, ನಾಚಿಕಿ ಇಲ್ಲೇನ್ ನಿನಗ!"

ಇನ್ನು ಕಿರಿಯ ಮೊಮ್ಮಗಳು ಭಾಗ್ಯಾ. ಹತ್ತೊಂಬತ್ತು ವರ್ಷ, ಕಾಲೇಜು. ಅವಳದು ರ್ಯಾಪು. ಗೆಳತಿಯರು ಬಾಯಿಗೆ ಬಂದ ಮಾತು ಎಸೆಯುತ್ತಾರೆ, ಇವಳು ನಿಂತ ನಿಲುವಿನಲ್ಲೇ ಅದನ್ನು ತಾಳಕ್ಕೆ ಕೂಡಿಸಬೇಕು. ಮರಾಠಿ ಅರ್ಧ, ಹಿಂದಿ ಕಾಲು, ಉಳಿದದ್ದು ಕನ್ನಡ. ಕನ್ನಡಿಯ ಮುಂದೆ ಕೈ ಬೀಸುತ್ತ ಅವಳು ಶುರು ಹಚ್ಚಿಕೊಂಡರೆ ಚಂದಮ್ಮ ಒಳಗಿನಿಂದ ಕೂಗುತ್ತಾಳೆ: "ಏ ಭಾಗಿ, ಯಾರ ಕೂಡ ಜಗಳಾ ಆಡಾಕತ್ತೀ?"

"ಜಗಳ ಅಲ್ಲಾ ಆಯಿ, ಹಾಡು!"

"ಇದು ಹಾಡಾದ್ರ ನಮ್ಮ ನಳದ ಸರತಿನೂ ಒಂದು ಹಾಡೇ ಬಿಡು."

ಹೀಗೆ ನಗುನಗುತ್ತ ನಡೆದಿದ್ದ ಸಂಸಾರದಲ್ಲಿ, ಹೋದ ದೀಪಾವಳಿಯ ಮುಂದೆ ಒಂದು ಯಡವಟ್ಟಾಯಿತು. ಪಕ್ಕದ ಓಣಿಯ ತೊಟ್ಟಿಲಲ್ಲಿ ಚಂದಮ್ಮ ಭೀಮವ್ವನ ಹೆಸರನ್ನೇ ಬಿಟ್ಟುಬಿಟ್ಟಳು. ಭೀಮವ್ವ ಅಂದರೆ ಒಂದೇ ಊರಿನವಳು, ಒಂದೇ ಶೆಡ್ಡಿನಲ್ಲಿ ಕಲ್ಲು ಹೊತ್ತವಳು. ಕಣ್ಣೆದುರು ಹಗ್ಗ ಹಿಡಿದು ನಿಂತಿದ್ದಾಳೆ, ಹೆಸರು ಬಾಯಿಗೆ ಬರಲೊಲ್ಲದು! ಭೀಮವ್ವ ಮುಖ ಗಂಟು ಹಾಕಿಕೊಂಡು, ಗುಗ್ಗರಿ ಮುಟ್ಟದೆ ಮನೆಗೆ ಹೋದಳು. ಮರುದಿನ ಚಂದಮ್ಮ ಹೋಗಿ ಕೈ ಹಿಡಿದು ಬೇಡಿಕೊಂಡ ಮೇಲೆಯೇ ಆಕೆ ಚಹಾ ಕೊಟ್ಟದ್ದು, ಅದೂ ಅರ್ಧ ಕಪ್ಪು.

ಚಂದಮ್ಮನ ಎದೆ ಅವತ್ತು ಧಸಕ್ಕೆಂದದ್ದು ನಿಜ. ದನಿ ಹೋದರೆ ಹೇಗೋ ನಡೆದೀತು, ಹೆಸರು ಹೋದರೆ? ಹಿರಿಯ ಮೊಮ್ಮಗಳು ಸಪ್ನಾ ಆಗ ತುಂಬಿದ ಬಸುರಿ. "ಸಪ್ನಾನ ಕೂಸಿಂದು ಒಂದು ಹಾಡಿಬಿಡ್ತೀನಿ. ಅದೇ ಕಡೀದು" ಎಂದು ಚಂದಮ್ಮ ಹೇಳಿಬಿಟ್ಟಳು. ಹಾಡು ತನ್ನೊಂದಿಗೇ ಮುಗಿಯುತ್ತದೆಂದು ಬೇರೆ ಯಾರಿಗೂ ಅನ್ನಿಸಲಿಲ್ಲ. ಆಕೆಗೆ ಅನ್ನಿಸಿತು.

ಕಲಿಸಲು ನೋಡದೆ ಇರಲಿಲ್ಲ. ಸೊಸೆಗೆ ಹಾಡೆಂದರೆ ಅಂಜಿಕೆ. ಸಪ್ನಾಳಿಗೆ ದನಿ ಇದೆ, ನೆನಪಿಲ್ಲ. ಬಂದ ಅತ್ತೆಯಂದಿರ ಹೆಸರೇ ತಿರುಗಾಮುರುಗಾ ಮಾಡುತ್ತಾಳೆ. ಉಳಿದವಳು ಭಾಗ್ಯಾ. ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡು ಚಂದಮ್ಮ ಒಂದೊಂದೇ ಸಾಲು ಹೇಳಿಕೊಟ್ಟಳು. ಅಯ್ಯೋ, ಕೇಳಬೇಡಿ! ಭಾಗ್ಯಾ ದನಿ ಎತ್ತಿದರೆ ಒಂದು ಸಾಲು ಮಾಳಿಗೆ ಹತ್ತುತ್ತದೆ, ಇನ್ನೊಂದು ಮೋರಿಗೆ ಬೀಳುತ್ತದೆ. ಧರ್ಮರಾಜ ಬೆಂಜೋ ಹಿಡಿದು ಸ್ವರ ತೋರಿಸಿದ. ಊಹೂಂ. ಕೊನೆಗೆ ಭಾಗ್ಯಾಳೇ, "ಆಯಿ, ನನಗ ಸುರ್ ಇಲ್ಲ, ಬಿಡು" ಎಂದು ಎದ್ದಳು. ಚಂದಮ್ಮ ಬಿಟ್ಟಳು.

ಸಪ್ನಾ ಹೆಣ್ಣು ಹಡೆದಳು. ಸಂಕ್ರಾಂತಿ ಕಳೆದ ರವಿವಾರ ತೊಟ್ಟಿಲು. ಸಪ್ನಾಳ ಗಂಡ ಅಂಬಾದಾಸ ಹಿಂಜವಾಡಿಯಲ್ಲಿ ಕಂಪನಿಯ ಕ್ಯಾಬ್ ಓಡಿಸುವವನು. ಅವನ ಕಡೆಯಿಂದ ಹದಿನೈದು ಹೆಂಗಸರು, ಓಣಿಯಿಂದ ಮತ್ತೆ ಅಷ್ಟೇ ಜನ. ಚಂದಮ್ಮ ವಾರದಿಂದ ಹೆಸರುಗಳನ್ನು ಬೆರಳ ಗೆರೆಯ ಮೇಲೆ ಎಣಿಸಿ ಎಣಿಸಿ, ಸ್ನಾನ ಮಾಡುವಾಗಲೂ ಒಪ್ಪಿಸಿಕೊಂಡಿದ್ದಳು. ಧರ್ಮರಾಜ ಬೆಂಜೋ ತಂದ. "ತಾ, ಆದ್ರ ಆ ಭೋಂಗಾ ಹಚ್ಚೀ ಅಂದ್ರ ನೋಡು!" ಎಂದು ತಾಕೀತು ಮಾಡಿ, ಸ್ಪೀಕರನ್ನು ಆಕೆಯೇ ಮಂಚದ ಕೆಳಗೆ ನೂಕಿದಳು.

ಅಂಬಾದಾಸನ ತಂಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು, ಅವಳು "ಸತ್ತೆನ್ರವ್ವೋ" ಎಂದು ನಕ್ಕಳು. ಚಂದಮ್ಮ ಹಾಡು ಎತ್ತಿದಳು. ಮೊದಲ ನುಡಿ ಯಾರಿಗೆ ಎನ್ನುವಿರಿ? ಹಾಲಗೇರಿಯ ಭೀಮವ್ವನಿಗೆ! ಭೀಮವ್ವನ ಮುಖ ಇಷ್ಟಗಲವಾಯಿತು. ಓಣಿ ನಡುಗುವಂತೆ "ಜೋ ಜೋ" ಎಂದಳು. ಒಂದಾದ ಮೇಲೆ ಒಂದು ಹೆಸರು, ನೀರು ಹರಿದ ಹಾಗೆ. ಹತ್ತೊಂಬತ್ತು ನುಡಿ ಸರಾಗ ಸಾಗಿದವು. ಬೆಂಜೋ ಮೆತ್ತಗೆ ಹಿಂದಿಂದೆ ಬರುತ್ತಿತ್ತು.

ಆಗ ಬಾಗಿಲಲ್ಲಿ ಅಂಬಾದಾಸ ದಿನಾ ಆಫೀಸಿಗೆ ಬಿಡುವ ನೀಲಿಮಾ ಮೇಡಂ ಕಾಣಿಸಿಕೊಂಡರು. ಬೆಂಗಳೂರಿನವರು. ಕರೆದಿದ್ದರು, ಬಂದಾರೆಂದು ಯಾರೂ ಎಣಿಸಿರಲಿಲ್ಲ. "ಸಾರಿ ಕಣ್ರೀ, ಟ್ರಾಫಿಕ್ಕು. ನಾನೂ ತೂಗಬಹುದಾ?" ಎಂದು ಸಂಭ್ರಮದಿಂದ ಹಗ್ಗಕ್ಕೆ ಕೈ ಹಚ್ಚಿದರು. ಚಂದಮ್ಮ ಹಾಡಿನ ನಡುವೆಯೇ ಕೇಳಿದಳು, "ಹೆಸರೇನ್ರಿ, ಊರು ಯಾವುದ್ರಿ?"

"ನೀಲಿಮಾ. ನಮ್ಮದು ಜೇಪಿ ನಗರ, ಸಿಕ್ಸ್ತ್ ಫೇಸ್."

"ಬಂಗಾರದ ಕೂಸಿನ್ನ ಯಾರು ತೂಗ್ಯಾರ? ಜೇಪಿ ನಗರದ ಸಿಕಸ್ತ..." ಚಂದಮ್ಮ ಎಡವಿದಳು. ಮತ್ತೆ ಎತ್ತಿದಳು, ಮತ್ತೆ ಅಲ್ಲೇ ಎಡವಿದಳು. ಬರೀ ಬೆಂಗಳೂರು ಎಂದಿದ್ದರೆ ಸಾಕಿತ್ತಲ್ಲ ಎನ್ನಬಹುದು ನೀವು. ಆಕೆ ಹಾಗೆ ಮಾಡುವವಳಲ್ಲ. ಹೇಳಿದ ಊರನ್ನು ಹೇಳಿದಂತೆಯೇ ಹಾಡಬೇಕು. ಆ ಗಡಿಬಿಡಿಯಲ್ಲಿ ವಾರವಿಡೀ ಒಪ್ಪಿಸಿಕೊಂಡಿದ್ದ ಉಳಿದ ಹನ್ನೊಂದು ಹೆಸರೂ ತಲೆಯಿಂದ ಜಾರಿದವು. ಎದುರಿಗೆ ಹನ್ನೆರಡು ಹೆಂಗಸರು ಹಗ್ಗ ಹಿಡಿದು ಕಾದಿದ್ದಾರೆ. ಕೂಸು ರಾಗ ತೆಗೆಯಿತು. ಚಂದಮ್ಮನಿಗೆ ಕಣ್ಣು ಕತ್ತಲಿಟ್ಟಂತಾಗಿ, ಬೀಳಬಾರದೆಂದು ತಾನೂ ಹಗ್ಗ ಹಿಡಿದುಕೊಂಡಳು.

ಮೂಲೆಯಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ ಭಾಗ್ಯಾ, ಫೋನನ್ನು ಪಕ್ಕದವರ ಕೈಗೆ ತುರುಕಿ ಮುಂದೆ ಬಂದಳು. ತೊಟ್ಟಿಲು ಹೋಗಿ ಬರುವ ಲಯಕ್ಕೆ ಚಪ್ಪಾಳೆ ಹಚ್ಚಿದಳು. ರಾಗವಿಲ್ಲ, ಗೀಗವಿಲ್ಲ. ಬರೀ ಮಾತು, ಆದರೆ ಎಂಥ ಮಾತು!

"ಜೇಪಿ ನಗರ, ಫೇಸು ಆರು,
ಹಗ್ಗ ಹಿಡಿದವರು ಯಾರು, ಯಾರು?
ನೀಲಿಮಾ ಬಂದಾರ, ತೂಗಾಕ ನಿಂದಾರ!"

ನೀಲಿಮಾ ಕಣ್ಣರಳಿಸಿ ಹಗ್ಗ ಜಗ್ಗಿ, "ಜೋ ಜೋ!" ಎಂದರು. ಹೆಂಗಸರು ಒಂದು ಕ್ಷಣ ಮುಖ ಮುಖ ನೋಡಿಕೊಂಡು, ನಗುತ್ತ ಹಿಡಿದರು. ಧಾಟಿ ಬೇಕಲ್ಲ, ಅದನ್ನು ಧರ್ಮರಾಜನ ಬೆಂಜೋ ತುಂಬಿಕೊಟ್ಟಿತು. ಭಾಗ್ಯಾ ಮುಂದಿನವಳ ಕಡೆ ಬೆರಳು ತೋರಿದಳು. ಊರು ಕೇಳಿದಳು, ಹೆಸರು ಕೇಳಿದಳು, ಎರಡು ಚಪ್ಪಾಳೆಯೊಳಗೆ ಕೂಡಿಸಿದಳು. ನೆನಪಿಡುವ ಗೋಜೇ ಇಲ್ಲ! ತನ್ನ ಹೆಸರು ಹೇಗೆ ಬಂದೀತೆಂದು ಕಾಯುತ್ತ, ಬಂದಾಗ ಕಿರುಚುತ್ತ ಹೆಂಗಸರು ಕೂಸನ್ನು ಮರೆತರು. ಕೂಸು ಅಷ್ಟರಲ್ಲಿ ನಿದ್ದೆ ಹೋಗಿತ್ತು.

ಚಂದಮ್ಮ ಬೆರಗಾಗಿ ನೋಡುತ್ತಿದ್ದಳು. ತಾನು ಈ ಹುಡುಗಿಗೆ ಅವತ್ತು ಕಲಿಸಲು ಹೆಣಗಿದ್ದು ರಾಗವನ್ನು. ಹಾಡಿನ ಗುಟ್ಟು ಇದ್ದದ್ದು ಬಂದ ಹೆಸರನ್ನು ಬಂದ ಗಳಿಗೆಯಲ್ಲೇ ಕೂಡಿಸುವುದರಲ್ಲಿ. ಅದನ್ನು ಇವಳು ಕನ್ನಡಿಯ ಮುಂದೆ ತಾನೇ ಕಲಿತು ಕೂತಿದ್ದಳು! ಅವಳನ್ನು ಬೈದು ಬಾಯಿ ಮುಚ್ಚಿಸುತ್ತಿದ್ದದ್ದು ತಾನು. ಆಕೆಗೆ ನಾಚಿಕೆಯೂ ಆಯಿತು, ಹಾಲು ಕುಡಿದಷ್ಟು ಸಂತೋಷವೂ ಆಯಿತು.

ಹನ್ನೆರಡೂ ನುಡಿ ಮುಗಿದವು. ಭಾಗ್ಯಾ ಹಗ್ಗದ ಮೇಲಿನ ಕೈಗಳನ್ನು ಒಮ್ಮೆ ನೋಡಿದಳು. ಇನ್ನೊಂದು ಕೈ ಉಳಿದಿತ್ತು. ಹಗ್ಗ ಹಿಡಿದವರಿಗೆಲ್ಲ ಒಂದು ನುಡಿ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಚಪ್ಪಾಳೆ ನಿಲ್ಲಿಸದೆ ಅಜ್ಜಿಯ ಕಡೆ ತಿರುಗಿದಳು.

"ಎಲ್ಲರ ಹೆಸರ ಹಾಡಿದಾಕಿ ಯಾರು?
ಹೇಳ್ರಿ ಆಕಿದು ಯಾವ ಊರು?
ದೇಹೂ ರೋಡಿನ ಚಂದಮ್ಮ ಬಂದಾಳ,
ಮರಿಮೊಮ್ಮಗಳ ತೂಗಾಕ ನಿಂದಾಳ!"

ಬೆಂಜೋ ಗಪ್ಪನೆ ನಿಂತಿತು. ಹಾಡುವವಳ ಹೆಸರಿನ ಕಟ್ಟಳೆ ಗೊತ್ತಿದ್ದವರು ಚಂದಮ್ಮನನ್ನು ಬಿಟ್ಟರೆ ಅಲ್ಲಿ ಇಬ್ಬರೇ, ಧರ್ಮರಾಜ ಮತ್ತು ಭೀಮವ್ವ. ಭೀಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಚಂದಮ್ಮನದು ನಲವತ್ತಾರು ವರ್ಷದ ಚಾಳಿ ನೋಡಿ, ತಪ್ಪು ತಿದ್ದದೆ ಇರಲಾರಳು.

"ನಂದು ಹಾಲಗೇರಿ ಅಲ್ಲೇನ ಭಾಗಿ?"

"ಹಾಲಗೇರಿ ನಾ ಎಲ್ಲಿ ನೋಡೀನಿ ಆಯಿ? ನಿನ್ನ ನೋಡಿದ್ದು ಇಲ್ಲೇ."

ಭೀಮವ್ವ ತಡೆಯಲಾರದೆ ಗದರಿದಳು. "ಖರೇನೇ ಅಂದಾಳ. ಹಗ್ಗ ಜಗ್ಗಬೇ, ಎಲ್ಲಾರೂ ನಿನ್ನ ದಾರಿ ಕಾಯಾಕತ್ತಾರ!"

ಚಂದಮ್ಮ ಹಗ್ಗ ಜಗ್ಗಿದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಆಕೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಹಾಡನ್ನು ಎತ್ತದೆ, ಮತ್ತೊಬ್ಬರು ಎತ್ತಿದ ಹಾಡಿಗೆ "ಜೋ ಜೋ" ಎಂದಳು.